ಟೈಮರ್ ನಿಲ್ಲಿಸಿದರೂ ಕರ್ನಲ್ ಯಾಕೆ ಬೀಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಬಳ್ಳಾರಿಯಲ್ಲಿ ನಾವು ಹತ್ತು ಹನ್ನೆರಡು ಜನ ಕೂತು ಕರ್ನಲ್ ಕೋಡ್ ಓದುತ್ತೇವೆ. ಕರ್ನಲ್ ಅಂದರೆ ಹಾರ್ಡ್‌ವೇರ್ ನೋಡಿಕೊಳ್ಳುವ, ಆಪರೇಟಿಂಗ್ ಸಿಸ್ಟಮ್‌ನ ತಿರುಳು. ರಾಯಚೂರು, ಕೊಪ್ಪಳದಿಂದಲೂ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಬೆಳಗಿನ ಬಸ್ಸಿಗೆ ಬರುತ್ತಾರೆ. ಅವರು ಜಾಸ್ತಿ ಕೇಳುವುದು ಟೈಮರ್ ಬಗ್ಗೆ. ಒಂದೇ ಚಿತ್ರವನ್ನು ಬೋರ್ಡ್ ಮೇಲೆ ಎಷ್ಟೋ ಸಲ ಬರೆದು ಒರೆಸಿದ್ದೇನೆ. ಈಗ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಇಲ್ಲಿರುವುದು ಬಹುತೇಕ ಲಿನಕ್ಸ್ ಕರ್ನಲ್ ಲೆಕ್ಕ. ಫಂಕ್ಷನ್ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ.

ಟೈಮರ್‌ನಲ್ಲಿ ರೇಸ್ ಕಂಡೀಷನ್ ಅಂದರೆ ಏನು?

ಟೈಮರ್ ಅಂದರೆ ಕರ್ನಲ್‌ಗೆ ಹೇಳಿಟ್ಟ ಮಾತು. "ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಕರೆ" ಅಂತ. ಆ ಫಂಕ್ಷನ್ನೇ ಕಾಲ್‌ಬ್ಯಾಕ್. ಈಗ ನಾಲ್ಕು ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ನಾಲ್ಕು ಪ್ರೋಸೆಸರ್, ಇರುವ ಬೋರ್ಡ್ ತೆಗೆದುಕೊಳ್ಳಿ. ಸೊನ್ನೆಯ ಕೋರ್ ಆ ಟೈಮರ್‌ಗೆ ಸೇರಿದ ಮೆಮೊರಿಯನ್ನು ವಾಪಸ್ ಕೊಡುತ್ತಿದೆ. ಅದೇ ಗಳಿಗೆಯಲ್ಲಿ ಎರಡನೇ ಕೋರ್ ಕಾಲ್‌ಬ್ಯಾಕ್ ಓಡಿಸುತ್ತಿದೆ, ಅದೇ ಮೆಮೊರಿಯನ್ನು ಓದುತ್ತಿದೆ. ಯಾರು ಮೊದಲು ಮುಗಿಸುತ್ತಾರೆ ಅನ್ನುವುದರ ಮೇಲೆ ಸಿಸ್ಟಮ್ ಉಳಿಯುವುದು ಬೀಳುವುದು ನಿಂತಿದೆ. ಅದೇ ರೇಸ್.

ಸಿಂಧನೂರು, ಮಾನ್ವಿ ಕಡೆಯ ಹುಡುಗರಿಗೆ ನಾನು ಕಾಲುವೆ ನೆನಪು ಮಾಡುತ್ತೇನೆ. ಮೇಲೆ ತೂಬು ಮುಚ್ಚಿದ ಕೂಡಲೇ ಕೆಳಗಿನ ಗದ್ದೆಗೆ ನೀರು ನಿಲ್ಲುತ್ತದಾ? ಇಲ್ಲ. ತೂಬಿನಿಂದ ಆಗಲೇ ಹೊರಬಿದ್ದ ನೀರು ಹರಿದು ಬಂದೇ ಬರುತ್ತದೆ. ತೂಬು ಮುಚ್ಚಿದೆ ಅಂತ ನಂಬಿ ಗದ್ದೆಯಲ್ಲಿ ಕೊಯ್ದ ಭತ್ತ ಹರವಿದರೆ ಭತ್ತ ನೆನೆಯುತ್ತದೆ. ಟೈಮರ್ ಡಿಲೀಟ್ ಮಾಡುವುದು ತೂಬು ಮುಚ್ಚಿದ ಹಾಗೆ. ನೀರು ನಿಂತಿತಾ ಅನ್ನುವುದು ಬೇರೆ ಪ್ರಶ್ನೆ. ಈ ಪುಟದಲ್ಲಿರುವ ಮುಕ್ಕಾಲು ಪಾಲು ತಪ್ಪುಗಳು ಈ ಎರಡನ್ನು ಒಂದೇ ಅಂದುಕೊಂಡದ್ದರಿಂದ ಹುಟ್ಟಿದವು.

ಡಿಲೀಟ್ ಮಾಡಿದ ಮೇಲೂ ಕಾಲ್‌ಬ್ಯಾಕ್ ಓಡುವುದು ಹೇಗೆ ಸಾಧ್ಯ?

ಒಳಗೆ ಏನಾಗುತ್ತದೆ ನೋಡೋಣ. ಪ್ರತಿ ಕೋರ್‌ಗೂ ತನ್ನದೇ ಟೈಮರ್ ಚಕ್ರ ಇದೆ, ಟೈಮರ್ ವೀಲ್ ಅನ್ನುತ್ತಾರೆ. ಟೈಮರ್‌ಗಳನ್ನು ಹೊತ್ತಿನ ಪ್ರಕಾರ ಇಡುವ ಪಟ್ಟಿ ಅದು. ಟೈಮರ್ ಹೂಡುವುದು ಅಂದರೆ ಅದನ್ನು ಈ ಚಕ್ರಕ್ಕೆ ಸೇರಿಸುವುದು. ಈ ಯೋಚನೆ 1987ರಲ್ಲಿ ವರ್ಗೀಸ್ ಮತ್ತು ಲಾಕ್ ಬರೆದ ಪ್ರಬಂಧದಿಂದ ಬಂದದ್ದು. ಲಿನಕ್ಸ್‌ನ ಚಕ್ರವನ್ನು ಥಾಮಸ್ ಗ್ಲೈಕ್ಸ್‌ನರ್ 2016ರಲ್ಲಿ ಹೊಸದಾಗಿ ಬರೆದರು. ಅದು 4.8ನೇ ಆವೃತ್ತಿಯಲ್ಲಿ ಸೇರಿತು.

ಹೊತ್ತು ಬಂದಾಗ ಕೋರ್ ಚಕ್ರದ ಲಾಕ್ ಹಿಡಿಯುತ್ತದೆ. ಲಾಕ್ ಒಬ್ಬರ ಕೈಲಿದ್ದರೆ ಉಳಿದವರು ಕಾಯಬೇಕು. "ಈಗ ಓಡುತ್ತಿರುವುದು ಈ ಟೈಮರ್" ಅಂತ ಒಂದು ಗುರುತು ಹಾಕುತ್ತದೆ. ಟೈಮರ್ ಅನ್ನು ಚಕ್ರದಿಂದ ಕಳಚುತ್ತದೆ. ಆಮೇಲೆ ಲಾಕ್ ಬಿಟ್ಟು ಕಾಲ್‌ಬ್ಯಾಕ್ ಕರೆಯುತ್ತದೆ. ಇಲ್ಲಿ ಗಮನ ಕೊಡಿ. ಕಾಲ್‌ಬ್ಯಾಕ್ ಓಡುವಾಗ ಟೈಮರ್ ಚಕ್ರದಲ್ಲಿ ಇಲ್ಲ, ಲಾಕೂ ಯಾರ ಕೈಲೂ ಇಲ್ಲ. ಆ ಗಳಿಗೆಯಲ್ಲಿ ನೀವು ಇನ್ನೊಂದು ಕೋರ್‌ನಿಂದ ಸಾದಾ ಡಿಲೀಟ್ ಕರೆದರೆ ಅದು ಚಕ್ರದಲ್ಲಿ ಹುಡುಕುತ್ತದೆ. ಏನೂ ಸಿಗುವುದಿಲ್ಲ. ಸೊನ್ನೆ ವಾಪಸ್ ಕೊಡುತ್ತದೆ. ಆ ಸೊನ್ನೆಗೆ "ಚಕ್ರದಲ್ಲಿ ಇಲ್ಲ" ಅಂತ ಮಾತ್ರ ಅರ್ಥ. "ಓಡುತ್ತಿಲ್ಲ" ಅಂತ ಅಲ್ಲ. ಚಕ್ರದಲ್ಲಿ ಕಾಯುತ್ತಿದೆಯಾ ಅಂತ ಟೈಮರ್ ಪೆಂಡಿಂಗ್ ಫಂಕ್ಷನ್ ಕರೆದು ಕೇಳಿದರೂ ಇದೇ ಕಥೆ. ಕಾಲ್‌ಬ್ಯಾಕ್ ಮಧ್ಯದಲ್ಲಿದ್ದಾಗಲೂ ಪೆಂಡಿಂಗ್ ಇಲ್ಲ ಅನ್ನುತ್ತದೆ.

ಟೈಮರ್ ಡಿಲೀಟ್ ಸಿಂಕ್ ಅನ್ನುವ ಫಂಕ್ಷನ್ ಬೇರೆ ಥರ. ಮುಂದೆ ಬರೀ ಸಿಂಕ್ ಅಂದರೂ ಇದೇ. ಹಳೆಯ ಕೋಡ್‌ನಲ್ಲಿ ಇದರ ಹೆಸರು ಡೆಲ್ ಟೈಮರ್ ಸಿಂಕ್. ಅದು ಮೇಲೆ ಹೇಳಿದ ಗುರುತನ್ನೂ ನೋಡುತ್ತದೆ. ಗುರುತು ಇರುವ ತನಕ ಕಾಯುತ್ತದೆ. ಕಾಲ್‌ಬ್ಯಾಕ್ ತನ್ನನ್ನು ತಾನೇ ಮತ್ತೆ ಹೂಡಿಕೊಂಡಿದ್ದರೆ ಅದನ್ನೂ ಕಿತ್ತು ಹಾಕಿಯೇ ವಾಪಸ್ ಬರುತ್ತದೆ.

ನಿಮ್ಮ ಕೈಯಲ್ಲೇ ಇಂಥದ್ದು ಆಗಿದೆಯಾ?

ಆಗಿದೆ. ಅದರಿಂದ ನಾನು ಕಲಿತದ್ದು ಜಾಸ್ತಿ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಗಂಗಾವತಿಯ ಒಂದು ರೈಸ್ ಮಿಲ್. ಡ್ರೈಯರ್‌ನಿಂದ ಬರುವ ಭತ್ತದ ತೇವ ನೋಡಲು ಯುಎಸ್‌ಬಿ ಸೆನ್ಸರ್ ಹಾಕಿದ್ದೆವು. ತೇವ ಸುಮಾರು 14 ಶೇಕಡಾಕ್ಕೆ ಇಳಿಯುವ ತನಕ ಭತ್ತವನ್ನು ಒಣಗಿಸಬೇಕು. ಇಲ್ಲವಾದರೆ ಮಿಲ್ ಮಾಡುವಾಗ ನುಚ್ಚು ಜಾಸ್ತಿ ಆಗುತ್ತದೆ. ನಾಲ್ಕು ಕೋರ್‌ನ ಆರ್ಮ್ ಬೋರ್ಡ್, ಅದರ ಮೇಲೆ ಲಿನಕ್ಸ್, ಡ್ರೈವರ್ ನಾನೇ ಬರೆದದ್ದು. 200 ಮಿಲಿಸೆಕೆಂಡಿಗೆ ಒಮ್ಮೆ ಟೈಮರ್ ಎದ್ದು ಸೆನ್ಸರ್‌ಗೆ "ಈಗ ಎಷ್ಟು?" ಅಂತ ಕೇಳಬೇಕು. ಉತ್ತರ ಬಂದ ಮೇಲೆ ಯುಎಸ್‌ಬಿಯ ಕಂಪ್ಲೀಷನ್ ಫಂಕ್ಷನ್ ಟೈಮರ್ ಅನ್ನು ಮತ್ತೆ ಹೂಡಬೇಕು. ಬಳ್ಳಾರಿಯ ಟೇಬಲ್ ಮೇಲೆ ತಿಂಗಳುಗಟ್ಟಲೆ ಓಡಿತು. ಮಿಲ್‌ನಲ್ಲಿ ಬಿತ್ತು.

ಭತ್ತ ಮೇಲೆತ್ತುವ ಎಲಿವೇಟರ್ ಓಡುವಾಗ ಅಲ್ಲಿ ನೆಲವೇ ನಡುಗುತ್ತದೆ. ಯುಎಸ್‌ಬಿ ಪಿನ್ ಸಡಿಲವಾಗಿ ದಿನಕ್ಕೆ ಇಪ್ಪತ್ತು ಸಲ ಕಳಚಿ ಸೇರುತ್ತಿತ್ತು. ಕಳಚಿದಾಗಲೆಲ್ಲ ನನ್ನ ಡಿಸ್ಕನೆಕ್ಟ್ ಫಂಕ್ಷನ್ ಓಡುತ್ತದೆ. ಅದರಲ್ಲಿ ನಾನು ಬರೆದಿದ್ದು ಸಾದಾ ಡಿಲೀಟ್, ಆಮೇಲೆ ಮೆಮೊರಿ ಬಿಡುಗಡೆ. ಕಾಲ್‌ಬ್ಯಾಕ್ ಓಡಲು ಸುಮಾರು 40 ಮೈಕ್ರೋಸೆಕೆಂಡ್ ಬೇಕಿತ್ತು. 200 ಮಿಲಿಸೆಕೆಂಡಿನಲ್ಲಿ 40 ಮೈಕ್ರೋಸೆಕೆಂಡ್ ಅಂದರೆ ಐದು ಸಾವಿರಕ್ಕೆ ಒಂದು. ದಿನಕ್ಕೆ ಇಪ್ಪತ್ತು ಸಲ ಅಂದರೆ 250 ದಿನಕ್ಕೆ ಒಮ್ಮೆ. ಅಂಥ ಬೋರ್ಡ್ ನಾಲ್ಕು ಇದ್ದವು. ಎರಡು ತಿಂಗಳಿಗೆ ಒಂದು ಬೀಳಲೇಬೇಕಲ್ವಾ? ಹಾಗೇ ಬಿತ್ತು.

ಮೊದಲ ಲಾಗ್‌ನಿಂದ ಏನೂ ತಿಳಿಯಲಿಲ್ಲ. ಮೆಮೊರಿ ತಪ್ಪು ಹಿಡಿಯುವ ಸ್ಲಬ್ ಡೀಬಗ್ ಆಯ್ಕೆ ಹಾಕಿ ಮತ್ತೆ ಓಡಿಸಿದೆ. ಈ ಸಲ ಬಿದ್ದಾಗ ರಿಜಿಸ್ಟರ್‌ಗಳ ಸಾಲಿನಲ್ಲಿ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ) ಪೂರ್ತಿ 6ಬಿ 6ಬಿ 6ಬಿ 6ಬಿ ಅಂತ ಇತ್ತು. ಅದು ಕರ್ನಲ್ ಬೇಕಂತಲೇ ಬರೆಯುವ ಗುರುತು. ಬಿಡುಗಡೆ ಆದ ಮೆಮೊರಿಯ ಮೇಲೆಲ್ಲ 6ಬಿ ತುಂಬುತ್ತದೆ. ಅದೇ ಲಾಗ್‌ನಲ್ಲಿ ಬಿದ್ದದ್ದು ಎರಡನೇ ಕೋರ್ ಅಂತಲೂ, ಅದು ನನ್ನ ಕಾಲ್‌ಬ್ಯಾಕ್ ಒಳಗಿತ್ತು ಅಂತಲೂ ಇತ್ತು. ಆ ಸಾಲು ಓದಿದ ಕೂಡಲೇ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು.

ಸಾದಾ ಡಿಲೀಟ್ ತೆಗೆದು ಸಿಂಕ್ ಹಾಕಿದೆ. ಮೂರು ವಾರ ಸರಿ ಇತ್ತು. ಮತ್ತೆ ಬಿತ್ತು.

ಸಿಂಕ್ ಹಾಕಿದ ಮೇಲೂ ಯಾಕೆ ಬಿತ್ತು?

ಯಾಕೆಂದರೆ ಟೈಮರ್ ಹೂಡುತ್ತಿದ್ದುದು ಕಾಲ್‌ಬ್ಯಾಕ್ ಅಲ್ಲ, ಯುಎಸ್‌ಬಿ ಕಂಪ್ಲೀಷನ್ ಫಂಕ್ಷನ್. ಸಿಂಕ್ ಕಾಲ್‌ಬ್ಯಾಕ್ ಮುಗಿಯುವ ತನಕ ಕಾಯುತ್ತದೆ, ನಿಜ. ಆದರೆ ಅದು ವಾಪಸ್ ಬಂದ ಮರುಗಳಿಗೆಯೇ ಬೇರೆ ಯಾರಾದರೂ ಟೈಮರ್ ಅನ್ನು ಮತ್ತೆ ಹೂಡಿದರೆ ಅದನ್ನು ತಡೆಯುವುದಿಲ್ಲ. ನನ್ನ ಡ್ರೈವರ್‌ನಲ್ಲಿ ಟೈಮರ್ ಯುಎಸ್‌ಬಿ ರಿಕ್ವೆಸ್ಟ್ ಕಳಿಸುತ್ತದೆ, ರಿಕ್ವೆಸ್ಟ್ ಮುಗಿದು ಟೈಮರ್ ಹೂಡುತ್ತದೆ. ಗಾಣದ ಎತ್ತಿನ ಹಾಗೆ ಸುತ್ತು. ಟೈಮರ್ ಮೊದಲು ನಿಲ್ಲಿಸಿದರೆ ರಿಕ್ವೆಸ್ಟ್ ಅದನ್ನು ಎಬ್ಬಿಸುತ್ತದೆ. ರಿಕ್ವೆಸ್ಟ್ ಮೊದಲು ನಿಲ್ಲಿಸಿದರೆ ಟೈಮರ್ ಹೊಸದನ್ನು ಕಳಿಸುತ್ತದೆ.

ಸುತ್ತನ್ನು ಒಂದು ಕಡೆ ಶಾಶ್ವತವಾಗಿ ಕಡಿಯಬೇಕು. ಅದಕ್ಕೆ ಯುಎಸ್‌ಬಿ ಪಾಯ್ಸನ್ ಯುಆರ್‌ಬಿ (ಯುಆರ್‌ಬಿ ಅಂದರೆ ಯುಎಸ್‌ಬಿ ರಿಕ್ವೆಸ್ಟ್) ಅಂತ ಫಂಕ್ಷನ್ ಇದೆ. ಅದು ಓಡುತ್ತಿರುವ ರಿಕ್ವೆಸ್ಟ್ ಮುಗಿಯುವ ತನಕ ಕಾಯುತ್ತದೆ, ಇನ್ನು ಮುಂದೆ ಅದನ್ನು ಯಾರು ಕಳಿಸಲು ಹೋದರೂ ಎರರ್ ಕೊಡುತ್ತದೆ. ಅದನ್ನು ಮೊದಲು ಕರೆದೆ. ಆಮೇಲೆ ಟೈಮರ್ ಡಿಲೀಟ್ ಸಿಂಕ್. ಕೊನೆಗೆ ಮೆಮೊರಿ ಬಿಡುಗಡೆ. ಆ ಬೋರ್ಡ್‌ಗಳು ಆಮೇಲೆ ಈ ಕಾರಣಕ್ಕೆ ಬೀಳಲಿಲ್ಲ. ಪಿನ್‌ಗೆ ಒಂದು ಕ್ಲಿಪ್ಪೂ ಹಾಕಿಸಿದೆವು. ಆದರೆ ಕ್ಲಿಪ್ ಹಾಕಿದ್ದು ಕೋಡ್ ಸರಿಯಾದ ಮೇಲೆ. ಆ ಕ್ರಮ ನನಗೆ ಮುಖ್ಯವಾಗಿತ್ತು.

ಟೈಮರ್ ಕಡೆಯಿಂದಲೇ ಸುತ್ತು ಕಡಿಯಲು ಆಗುವುದಿಲ್ವಾ?

ಈಗ ಆಗುತ್ತದೆ. 2023ರಲ್ಲಿ ಬಂದ 6.2ನೇ ಆವೃತ್ತಿಯಿಂದ ಟೈಮರ್ ಶಟ್‌ಡೌನ್ ಸಿಂಕ್ ಇದೆ. ಅದು ಕಾಯುತ್ತದೆ, ಕಿತ್ತು ಹಾಕುತ್ತದೆ, ಜೊತೆಗೆ ಕಾಲ್‌ಬ್ಯಾಕ್ ಪಾಯಿಂಟರ್ ಅನ್ನೇ ಖಾಲಿ ಮಾಡುತ್ತದೆ. ಆಮೇಲೆ ಯಾರು ಟೈಮರ್ ಹೂಡುವ ಮಾಡ್ ಟೈಮರ್ ಫಂಕ್ಷನ್ ಕರೆದರೂ ಏನೂ ಆಗುವುದಿಲ್ಲ, ಸುಮ್ನೆ ವಾಪಸ್ ಬರುತ್ತದೆ. ಟೈಮರ್ ವರ್ಕ್‌ಕ್ಯೂ (ಆಮೇಲೆ ಮಾಡುವ ಕೆಲಸಗಳ ಸಾಲು) ಎಬ್ಬಿಸಿ, ವರ್ಕ್‌ಕ್ಯೂ ಟೈಮರ್ ಎಬ್ಬಿಸುವ ಡ್ರೈವರ್‌ಗಳು ಬಹಳ. ಅಲ್ಲಿ ಮೊದಲು ಶಟ್‌ಡೌನ್ ಸಿಂಕ್, ಆಮೇಲೆ ಕ್ಯಾನ್ಸಲ್ ವರ್ಕ್ ಸಿಂಕ್, ಆಮೇಲೆ ಬಿಡುಗಡೆ. ಹೊಸ ಡ್ರೈವರ್ ಬರೆಯುವವರು ಸಾಧನ ತೆಗೆಯುವ ಜಾಗದಲ್ಲಿ ಇದನ್ನೇ ಬಳಸಿ. ನಡುವೆ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಶುರು ಮಾಡುವುದಿದ್ದರೆ ಮಾತ್ರ ಡಿಲೀಟ್ ಸಿಂಕ್.

ಹಾಗಾದರೆ ಎಲ್ಲ ಕಡೆ ಸಿಂಕ್ ಹಾಕಿಬಿಟ್ಟರೆ ಆಯಿತಲ್ವಾ?

ಬೇಡ. ಸಿಂಕ್ ಅಂದರೆ ಕಾಯುವುದು. ಯಾರಿಗಾಗಿ ಕಾಯುತ್ತೀರೋ ಅವರು ನಿಮಗಾಗಿ ಕಾಯುತ್ತಿದ್ದರೆ ಇಬ್ಬರೂ ಅಲ್ಲೇ ನಿಲ್ಲುತ್ತೀರಿ. ನೀವು ಒಂದು ಸ್ಪಿನ್‌ಲಾಕ್ (ಸಿಗುವ ತನಕ ಸುತ್ತುತ್ತಾ ಕಾಯುವ ಲಾಕ್) ಹಿಡಿದು ಸಿಂಕ್ ಕರೆದಿರಿ ಅಂದುಕೊಳ್ಳಿ. ಕಾಲ್‌ಬ್ಯಾಕ್‌ಗೂ ಅದೇ ಲಾಕ್ ಬೇಕು. ಅದು ಲಾಕ್‌ಗೆ ಕಾಯುತ್ತದೆ, ನೀವು ಅದು ಮುಗಿಯಲಿ ಅಂತ ಕಾಯುತ್ತೀರಿ. ಡೆಡ್‌ಲಾಕ್. ನಮ್ಮ ಕೂಟಕ್ಕೆ ಬರುವ ಕೋಡ್‌ನಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದು. ರೇಸ್ ತೆಗೆಯಲು ಹೋಗಿ ಡೆಡ್‌ಲಾಕ್ ತರುತ್ತಾರೆ.

ಕಾಲ್‌ಬ್ಯಾಕ್ ಒಳಗಿಂದ ಅದೇ ಟೈಮರ್ ಮೇಲೆ ಸಿಂಕ್ ಕರೆಯುವುದೂ ಹೀಗೇ. ತಾನು ಮುಗಿಯಲಿ ಅಂತ ತಾನೇ ಕಾಯುತ್ತದೆ. ಹಾರ್ಡ್‌ವೇರ್ ಇಂಟರಪ್ಟ್, ಅಂದರೆ ಸಾಧನ ಕರೆದಾಗ ಕೋರ್ ಕೈಲಿದ್ದ ಕೆಲಸ ನಿಲ್ಲಿಸಿ ಓಡಿಸುವ ಕೋಡ್, ಅದರ ಒಳಗಿಂದಲೂ ಕರೆಯಬಾರದು. ಆ ಇಂಟರಪ್ಟ್ ತಡೆದು ನಿಲ್ಲಿಸಿರುವುದು ಅದೇ ಕೋರ್‌ನ ಕಾಲ್‌ಬ್ಯಾಕ್ ಅನ್ನೇ ಆಗಿರಬಹುದು.

ಲಾಕ್ ಬಿಡಲು ಆಗುವುದೇ ಇಲ್ಲ ಅನ್ನುವ ಜಾಗದಲ್ಲಿ ಹಳೆಯ ಕೋಡ್‌ನಲ್ಲಿ ಟ್ರೈ ಟು ಡೆಲ್ ಟೈಮರ್ ಸಿಂಕ್ ಅನ್ನುತ್ತಿದ್ದ ಫಂಕ್ಷನ್ ಇದೆ. ಕಾಲ್‌ಬ್ಯಾಕ್ ಓಡುತ್ತಿದ್ದರೆ ಕಾಯದೆ ಮೈನಸ್ ಒಂದು ಕೊಡುತ್ತದೆ. ಆಗ ಲಾಕ್ ಬಿಟ್ಟು ಮತ್ತೆ ಪ್ರಯತ್ನ ಮಾಡಿ.

ಕಾಯಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಏನು ಮಾಡಲಿ?

ರೆಫರೆನ್ಸ್ ಲೆಕ್ಕ ಇಡಿ, ಅಂದರೆ ಆ ಮೆಮೊರಿಯನ್ನು ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಎಣಿಕೆ. ಲಿನಕ್ಸ್‌ನ ನೆಟ್‌ವರ್ಕ್ ಕೋಡ್ ಸಾಕೆಟ್‌ಗಳಿಗೆ (ನೆಟ್‌ವರ್ಕ್ ಸಂಪರ್ಕದ ತುದಿಗಳಿಗೆ) ಹೀಗೇ ಮಾಡುತ್ತದೆ. ಟೈಮರ್ ಹೂಡುವಾಗ ಮಾಡ್ ಟೈಮರ್ ಸೊನ್ನೆ ಕೊಟ್ಟರೆ, ಅಂದರೆ ಮೊದಲು ಹೂಡಿರಲಿಲ್ಲ ಅಂತಾದರೆ, ಸಾಕೆಟ್‌ನ ಲೆಕ್ಕ ಒಂದು ಏರುತ್ತದೆ. ಡಿಲೀಟ್ ಒಂದು ಕೊಟ್ಟರೆ, ಅಂದರೆ ಓಡುವ ಮೊದಲೇ ಕಿತ್ತೆವು ಅಂತಾದರೆ, ಕಿತ್ತವರೇ ಲೆಕ್ಕ ಇಳಿಸುತ್ತಾರೆ. ಸೊನ್ನೆ ಕೊಟ್ಟರೆ ಮುಟ್ಟುವುದಿಲ್ಲ, ಕಾಲ್‌ಬ್ಯಾಕ್ ತನ್ನ ಕೊನೆಯ ಸಾಲಿನಲ್ಲಿ ತಾನೇ ಇಳಿಸುತ್ತದೆ. ಕೊನೆಗೆ ಹೊರಗೆ ಹೋಗುವವರು ಬಾಗಿಲು ಹಾಕುತ್ತಾರೆ, ಅದು ಯಾರೇ ಇರಲಿ. ಇಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ.

ನನಗೆ ತುಂಬ ಇಷ್ಟವಾದ ಕೋಡ್ ಇದು. ಸಾದಾ ಡಿಲೀಟ್ ಕೊಡುವ ಆ ಒಂದು, ಸೊನ್ನೆಗೆ ಇಲ್ಲಿ ನಿಜವಾದ ಬೆಲೆ ಬರುತ್ತದೆ. ಈ ಪ್ರಶ್ನೆಗಳೆಲ್ಲ ಹೊರಗೆ ಸಮಯದ ಪ್ರಶ್ನೆಗಳ ಹಾಗೆ ಕಾಣುತ್ತವೆ. ನಾನು ಮಾತ್ರ ಪ್ರತಿ ಸಲ ಒಂದೇ ಕೇಳುತ್ತೇನೆ: ಈ ಮೆಮೊರಿ ಈಗ ಯಾರದು, ಕೊನೆಗೆ ಕೈ ಬಿಡುವವರು ಯಾರು? ಅದಕ್ಕೆ ಉತ್ತರ ಗೊತ್ತಿದ್ದರೆ ಫಂಕ್ಷನ್ ಆಯ್ಕೆ ಸುಲಭ.

ಡಿಲೀಟ್ ಆದ ಮೇಲೆ ಒಂದಷ್ಟು ಮಿಲಿಸೆಕೆಂಡ್ ಸ್ಲೀಪ್ ಹಾಕಿದರೆ ಸರಿ ಹೋಗುತ್ತದೆ. ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಐದು ಸಾವಿರಕ್ಕೆ ಒಂದು ಇದ್ದದ್ದು ಐವತ್ತು ಲಕ್ಷಕ್ಕೆ ಒಂದು ಆಗಬಹುದು. ಆಗ ಹುಡುಕುವುದು ಇನ್ನೂ ಕಷ್ಟ. ಇಂಥ ಪ್ಯಾಚ್ ದಯವಿಟ್ಟು ಕಳಿಸಬೇಡಿ.

ಒಂದೇ ಟೈಮರ್ ಎರಡು ಕೋರ್ ಮೇಲೆ ಒಟ್ಟಿಗೆ ಓಡಬಹುದಾ?

ಇಲ್ಲ. ಮಾಡ್ ಟೈಮರ್ ಕರೆದಾಗ ಟೈಮರ್ ಒಂದು ಕೋರ್‌ನ ಚಕ್ರದಿಂದ ಇನ್ನೊಂದಕ್ಕೆ ಹೋಗಬಹುದು. ಆದರೆ ಕಾಲ್‌ಬ್ಯಾಕ್ ಓಡುತ್ತಿರುವಾಗ ಕರ್ನಲ್ ಅದನ್ನು ಹಳೆಯ ಚಕ್ರದಲ್ಲೇ ಇಡುತ್ತದೆ. ಇಲ್ಲವಾದರೆ ಸಿಂಕ್ ನೋಡುವ ಆ ಗುರುತಿಗೆ ಅರ್ಥವೇ ಇರುತ್ತಿರಲಿಲ್ಲ. ಎರಡು ಬೇರೆ ಬೇರೆ ಟೈಮರ್‌ಗಳು ಒಂದೇ ಕಾಲ್‌ಬ್ಯಾಕ್ ಬಳಸಿದರೆ ಮಾತ್ರ ಆ ಫಂಕ್ಷನ್ ಎರಡು ಕೋರ್ ಮೇಲೆ ಒಟ್ಟಿಗೆ ಓಡುತ್ತದೆ. ಅಲ್ಲಿ ಹಂಚಿಕೊಂಡ ಲೆಕ್ಕ ಇದ್ದರೆ ಲಾಕ್ ಬೇಕು.

ಆ್ಯಡ್ ಟೈಮರ್ ಬಳಸಲಾ, ಮಾಡ್ ಟೈಮರ್ ಬಳಸಲಾ?

ಇಬ್ಬರು ಒಂದೇ ಟೈಮರ್ ಹೂಡುವ ಸಾಧ್ಯತೆ ಇದ್ದರೆ ಮಾಡ್ ಟೈಮರ್ ಮಾತ್ರ. "ಪೆಂಡಿಂಗ್ ಇಲ್ಲದಿದ್ದರೆ ಆ್ಯಡ್ ಮಾಡು" ಅಂತ ಬರೆದರೆ ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಕೋರ್ ನುಗ್ಗುತ್ತದೆ.

ಕಾಲ್‌ಬ್ಯಾಕ್ ಜೊತೆ ಹಂಚಿಕೊಂಡ ಲಾಕ್‌ಗೆ ಸಾದಾ ಸ್ಪಿನ್‌ಲಾಕ್ ಸಾಕಾ?

ಕಾಲ್‌ಬ್ಯಾಕ್ ಒಳಗೆ ಸಾಕು. ಹೊರಗೆ, ಅಂದರೆ ಪ್ರೋಸೆಸ್ ಕಡೆಯ ಕೋಡ್‌ನಲ್ಲಿ, ಸಾಲದು. ಟೈಮರ್ ಕಾಲ್‌ಬ್ಯಾಕ್ ಸಾಫ್ಟ್ ಇಂಟರಪ್ಟ್‌ನಲ್ಲಿ ಓಡುತ್ತದೆ. ನೀವು ಲಾಕ್ ಹಿಡಿದಿರುವಾಗ ಅದೇ ಕೋರ್ ಮೇಲೆ ಅದು ಎದ್ದರೆ ಲಾಕ್‌ಗೆ ಸುತ್ತುತ್ತಾ ಕೂರುತ್ತದೆ. ನಿಮಗೆ ಕೋರ್ ವಾಪಸ್ ಸಿಗುವುದಿಲ್ಲ, ಲಾಕ್ ಬಿಡಲು ಆಗುವುದಿಲ್ಲ. ಅದಕ್ಕೇ ಹೊರಗೆ ಸಾಫ್ಟ್ ಇಂಟರಪ್ಟ್ ತಡೆಯುವ ಸ್ಪಿನ್ ಲಾಕ್ ಬಿಎಚ್. ಹಾರ್ಡ್‌ವೇರ್ ಇಂಟರಪ್ಟ್‌ಗೂ ಅದೇ ಲಾಕ್ ಬೇಕಿದ್ದರೆ ಇಂಟರಪ್ಟ್ ಮುಚ್ಚುವ ಐಆರ್‌ಕ್ಯೂ ಸೇವ್. ಲಿನಕ್ಸ್‌ನ ಮ್ಯೂಟೆಕ್ಸ್ (ಮಲಗಿ ಕಾಯುವ ಲಾಕ್) ಅಂತೂ ಕಾಲ್‌ಬ್ಯಾಕ್‌ನಲ್ಲಿ ಬೇಡವೇ ಬೇಡ, ಅಲ್ಲಿ ಮಲಗುವ ಹಾಗಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಆರ್ಮ್ ಬೋರ್ಡ್‌ನಲ್ಲಿ ಮಾತ್ರ ಬೀಳುತ್ತದೆ. ಬೋರ್ಡ್ ಕೆಟ್ಟಿದೆಯಾ?

ಬಹುಶಃ ಇಲ್ಲ. ಲ್ಯಾಪ್‌ಟಾಪ್‌ನ ಎಕ್ಸ್86 ಪ್ರೋಸೆಸರ್‌ನಲ್ಲಿ ಒಂದು ಕೋರ್ ಬರೆದದ್ದು ಬರೆದ ಕ್ರಮದಲ್ಲೇ ಉಳಿದ ಕೋರ್‌ಗಳಿಗೆ ಕಾಣುತ್ತದೆ. ಆರ್ಮ್‌ನಲ್ಲಿ ಆ ಖಾತ್ರಿ ಇಲ್ಲ. ಡೇಟಾ ಬರೆದು ಆಮೇಲೆ "ಸಿದ್ಧ" ಅನ್ನುವ ಫ್ಲ್ಯಾಗ್ ಹಾಕಿದ್ದೀರಿ. ಇನ್ನೊಂದು ಕೋರ್‌ಗೆ ಫ್ಲ್ಯಾಗ್ ಮೊದಲು, ಡೇಟಾ ಆಮೇಲೆ ಕಾಣಬಹುದು. ಲಾಕ್ ಬಳಸಿದರೆ ಈ ಚಿಂತೆ ಇಲ್ಲ. ಲಾಕ್ ಬೇಡ ಅಂದರೆ ಬರೆಯುವ ಕಡೆ ಸ್ಟೋರ್ ರಿಲೀಸ್, ಓದುವ ಕಡೆ ಲೋಡ್ ಅಕ್ವೈರ್, ಇವೆರಡೂ ಸೇರಿ ಆ ಕ್ರಮ ಕಾಯುತ್ತವೆ.

ಇಷ್ಟು ಅಪರೂಪದ ತಪ್ಪಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಲೈನ್‌ಗಳು ಜೋತುಬಿದ್ದು ಮರಕ್ಕೆ ತಗುಲಿದ್ದು ಒಂದು ಕಾರಣ. ಆದರೆ ಒಹಾಯೊದ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಅದು ಗೊತ್ತಾಗಲಿಲ್ಲ. ಅಲಾರಂ ಸಾಫ್ಟ್‌ವೇರ್ ಒಂದು ರೇಸ್ ಕಂಡೀಷನ್‌ನಲ್ಲಿ ಸಿಕ್ಕಿ ನಿಂತುಹೋಗಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಯಾವ ಅಲಾರಮ್ಮೂ ಬರಲಿಲ್ಲ. ಅದು ಕರ್ನಲ್ ಟೈಮರ್ ಅಲ್ಲ, ಆದರೆ ಅದೇ ಜಾತಿಯ ತಪ್ಪು. ನಮ್ಮ ಹುಡುಗರಲ್ಲಿ ಕೆಲವರು ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತಾ ಬೆಳೆದವರು. ನಾಳೆ ಅವರ ಕೋಡ್ ಅಂಥದೇ ಕಂಟ್ರೋಲ್ ರೂಮಿನಲ್ಲಿ ಓಡಬಹುದು.

ಹಳೆಯ ಕೋಡ್‌ನಲ್ಲಿ ಇಂಟರಪ್ಟ್ ಮುಚ್ಚಿದರೆ ಸಾಕಿತ್ತಂತೆ?

ಒಂದೇ ಕೋರ್ ಇದ್ದಾಗ ಸಾಕಿತ್ತು. ಇಂಟರಪ್ಟ್ ಮುಚ್ಚಿದರೆ ಟೈಮರ್ ಏಳುವುದೇ ಇಲ್ಲ. ಲಿನಕ್ಸ್‌ಗೆ ಹಲವು ಪ್ರೋಸೆಸರ್ ಬಂದದ್ದು 1996ರ 2.0 ಆವೃತ್ತಿಯಲ್ಲಿ. ಆಗ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್. ಅದನ್ನು ಪೂರ್ತಿ ಕಿತ್ತು ಹಾಕಿದ್ದು 2011ರ 2.6.39ರಲ್ಲಿ. ಹದಿನೈದು ವರ್ಷದ ಕೆಲಸ.

ಬಿಎಸ್‌ಡಿಗಳಲ್ಲಿ?

ಬಿಎಸ್‌ಡಿ ಅಂದರೆ ಲಿನಕ್ಸ್ ಥರದ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳು. ಹೆಸರು ಬೇರೆ, ಕಥೆ ಅದೇ. ಫ್ರೀಬಿಎಸ್‌ಡಿಯಲ್ಲಿ ಟೈಮರ್‌ಗೆ ಕಾಲ್‌ಔಟ್ ಅನ್ನುತ್ತಾರೆ. ಕಾಲ್‌ಔಟ್ ಸ್ಟಾಪ್ ಕಾಯುವುದಿಲ್ಲ, ಕಾಲ್‌ಔಟ್ ಡ್ರೇನ್ ಕಾಯುತ್ತದೆ. ಅಲ್ಲಿ ಒಂದು ಒಳ್ಳೆಯ ಉಪಾಯವೂ ಇದೆ. ಕಾಲ್‌ಔಟ್ ಅನ್ನು ಮೊದಲ ಸಲ ಸಿದ್ಧ ಮಾಡುವಾಗಲೇ ನಿಮ್ಮ ಮ್ಯೂಟೆಕ್ಸ್ ಅನ್ನು ಅದಕ್ಕೆ ಕೊಡಬಹುದು. ಕರ್ನಲ್ಲೇ ಆ ಮ್ಯೂಟೆಕ್ಸ್ ಹಿಡಿದು, ರದ್ದಾಗಿದೆಯಾ ಅಂತ ನೋಡಿ, ಆಮೇಲೆ ಕಾಲ್‌ಬ್ಯಾಕ್ ಕರೆಯುತ್ತದೆ. ಮ್ಯೂಟೆಕ್ಸ್ ಹಿಡಿದು ಸ್ಟಾಪ್ ಕರೆದರೆ ಕಾಲ್‌ಬ್ಯಾಕ್ ಓಡುವುದಿಲ್ಲ ಅಂತ ಖಾತ್ರಿ. ಓಪನ್‌ಬಿಎಸ್‌ಡಿಯಲ್ಲಿ ಕಾಯುವುದು ಟೈಮ್‌ಔಟ್ ಡೆಲ್ ಬ್ಯಾರಿಯರ್, ನೆಟ್‌ಬಿಎಸ್‌ಡಿಯಲ್ಲಿ ಕಾಲ್‌ಔಟ್ ಹಾಲ್ಟ್.

ಬೋರ್ಡ್ ಇಲ್ಲದೆ ಇದನ್ನೆಲ್ಲ ಅಭ್ಯಾಸ ಮಾಡುವುದು ಹೇಗೆ?

ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಕ್ಯೂಇಎಂಯುನಲ್ಲಿ ನಾಲ್ಕು ಕೋರ್ ಕೊಟ್ಟು ಲಿನಕ್ಸ್ ಬೂಟ್ ಮಾಡಿ. ಕರ್ನಲ್ ಕಟ್ಟುವಾಗ ಮೂರು ಆಯ್ಕೆ ಹಾಕಿಕೊಳ್ಳಿ. ಬಿಡುಗಡೆಯಾದ ಮೆಮೊರಿ ಮುಟ್ಟಿದರೆ ಕೆಎಸ್ಯಾನ್ ಹಿಡಿಯುತ್ತದೆ. ಲಾಕ್ ಹಿಡಿದು ಸಿಂಕ್ ಕರೆದರೆ ಲಾಕ್‌ಡೆಪ್ ಹೇಳುತ್ತದೆ, ಡೆಡ್‌ಲಾಕ್ ನಿಜವಾಗಿ ಆಗುವ ಮೊದಲೇ. ಹೂಡಿದ ಟೈಮರ್ ಇರುವ ಮೆಮೊರಿ ಬಿಡುಗಡೆ ಮಾಡಿದರೆ ಡೀಬಗ್ ಆಬ್ಜೆಕ್ಟ್ಸ್ ಕೂಗುತ್ತದೆ. ಲಾಕ್ ಇಲ್ಲದೆ ಇಬ್ಬರು ಒಂದೇ ಜಾಗ ಮುಟ್ಟಿದರೆ ಹಿಡಿಯುವುದು ಕೆಸಿಸ್ಯಾನ್. ಅದು ಕೆಎಸ್ಯಾನ್ ಜೊತೆ ಒಂದೇ ಕರ್ನಲ್‌ನಲ್ಲಿ ಸೇರುವುದಿಲ್ಲ, ಅದಕ್ಕೆ ಇನ್ನೊಂದು ಕರ್ನಲ್ ಕಟ್ಟಿ.

ಆಮೇಲೆ ಒಂದು ಪುಟ್ಟ ಮಾಡ್ಯೂಲ್ (ಓಡುವ ಕರ್ನಲ್‌ಗೆ ಸೇರಿಸುವ ಕೋಡ್) ಬರೆಯಿರಿ. ಹತ್ತು ಮಿಲಿಸೆಕೆಂಡಿಗೆ ಒಮ್ಮೆ ತನ್ನನ್ನು ತಾನೇ ಹೂಡಿಕೊಳ್ಳುವ ಟೈಮರ್. ತೆಗೆಯುವಾಗ ಬೇಕಂತಲೇ ಸಾದಾ ಡಿಲೀಟ್, ಆಮೇಲೆ ಮೆಮೊರಿ ಬಿಡುಗಡೆ. ಕಾಲ್‌ಬ್ಯಾಕ್ ಮಧ್ಯದಲ್ಲಿ ಐದು ಮಿಲಿಸೆಕೆಂಡ್ ಎಮ್‌ಡಿಲೇ (ಮಲಗದೆ ಕಾಯುವ ಫಂಕ್ಷನ್) ಹಾಕಿ. ಐದು ಸಾವಿರಕ್ಕೆ ಒಂದು ಇದ್ದ ಕಿಂಡಿ ಈಗ ಹೆಚ್ಚುಕಡಿಮೆ ಮೂರಕ್ಕೆ ಒಂದು ಆಗುತ್ತದೆ. ಸ್ಲೀಪ್ ಹಾಕಿ ತಪ್ಪು ಮುಚ್ಚಬಾರದು ಅಂದೆನಲ್ಲ, ತಪ್ಪನ್ನು ಹೊರಗೆ ತರಲು ಮಾತ್ರ ಡಿಲೇ ಹಾಕಬಹುದು. ಮಾಡ್ಯೂಲ್ ಅನ್ನು ಲೂಪ್‌ನಲ್ಲಿ ಹಾಕಿ ತೆಗೆಯಿರಿ. ಚಹಾ ಕುಡಿದು ಬರುವಷ್ಟರಲ್ಲಿ ಬಿದ್ದಿರುತ್ತದೆ. ಆ ಲಾಗ್‌ನಲ್ಲಿ ಮೆಮೊರಿಯನ್ನು ಯಾರು ಬಿಡುಗಡೆ ಮಾಡಿದರು, ಯಾರು ಮುಟ್ಟಿದರು ಅನ್ನುವ ಸಾಲುಗಳನ್ನು ಹುಡುಕಿ, ಪೆನ್ನಲ್ಲಿ ಗೆರೆ ಎಳೆದು ಭಾನುವಾರ ತನ್ನಿ.